ಸುಣ್ಣ ಬಿದ್ದು ಹೋದ ಕಣ್ಣು: ಚೆನ್ನಾಗಿರೋ ಕಣ್ಣಿಂದ ಸ್ಟೆಮ್ ಸೆಲ್ ತೆಗೀತೀವಿ ಅಂತಾರೆ, ಒಪ್ಕೊಳ್ಳೋದಾ?

ತೋಟದಾಚೆ (ಸಾಗರ)
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಓದಿ ಹೇಳಿ.

ಹೋದ ವರ್ಷ ಮಳೆ ಹಿಡಿಯೋ ಮೊದಲು ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಸೋ ಗಡಿಬಿಡಿ. ಮರ ಹತ್ತೋ ಕೊನೆಗಾರ ಬಂದು ಕೂತಿದ್ದ, ನನ್ನ ತಮ್ಮ ಡ್ರಮ್ಮಲ್ಲಿ ಸುಣ್ಣ ಅರಳಿಸ್ತಿದ್ದ. ಕುದೀತಿದ್ದ ಸುಣ್ಣ ಚಿಮ್ಮಿ ತಮ್ಮನ ಬಲಗಣ್ಣಿಗೆ ಬಿತ್ತು. ಅಲ್ಲಿದ್ದ ಹಿರಿಯರೊಬ್ಬರು ಹರಳೆಣ್ಣೆ ಬಿಟ್ರು, ಆಮೇಲೆ ನೀರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಕಣ್ಣು ಬೆಳ್ಳಗಾಗಿತ್ತು.

ಈಗ ಕರಿಗುಡ್ಡೆ ಮೇಲೆಲ್ಲ ದಪ್ಪ ಪದರ ಬೆಳೆದಿದೆ, ಅದರ ಮೇಲೆ ಕೆಂಪು ನರ ಹಬ್ಬಿದೆ. ಟಾರ್ಚ್ ಹಿಡಿದ್ರೆ ಬೆಳಕು ಯಾವ ಕಡೆಯಿಂದ ಅಂತ ಸರಿಯಾಗಿ ಹೇಳ್ತಾನೆ. ಬೆರಳು ಎಣಿಸೋಕೆ ಆಗಲ್ಲ. ಎಡಗಣ್ಣು ಪೂರ್ತಿ ಸರಿ ಇದೆ.

ನಾವೆಲ್ಲ ದಾನದ ಕಣ್ಣು ಹಾಕಿಸಿದ್ರೆ ಮುಗೀತು ಅಂದ್ಕೊಂಡಿದ್ವಿ. ಡಾಕ್ಟ್ರು ಈಗಲೇ ಹಾಕಿದ್ರೆ ನಿಲ್ಲಲ್ಲ, ಮೊದಲು ಎಡಗಣ್ಣಿನ ಅಂಚಿಂದ ಚೂರು ತೆಗೆದು ಬಲಗಣ್ಣಿಗೆ ನೆಡಬೇಕು, ಅದರಲ್ಲಿ ಸ್ಟೆಮ್ ಸೆಲ್ (ಹೊಸ ಕೋಶ ಹುಟ್ಟಿಸೋ ಮೂಲಕೋಶ) ಇರುತ್ತೆ ಅಂತಾರೆ. ಅಮ್ಮ ಸುತರಾಂ ಒಪ್ತಿಲ್ಲ. "ಇರೋ ಒಂದಕ್ಕೂ ಕೈ ಹಾಕ್ತಾರಾ? ಬೇಕಿದ್ರೆ ನಂದು ತಗೊಳ್ಳಲಿ" ಅಂತ ಪಟ್ಟು ಹಿಡಿದಿದಾರೆ.

ಇನ್ನೊಂದು. ಚಿಕ್ಕಪ್ಪ ವಾಟ್ಸಾಪಲ್ಲಿ ಬೆಂಗಳೂರಿನ ಯಾವುದೋ ಕ್ಲಿನಿಕ್ಕಿನ ಜಾಹೀರಾತು ಕಳ್ಸಿದಾರೆ. ಹೊಟ್ಟೆ ಕೊಬ್ಬಿಂದ ಸ್ಟೆಮ್ ಸೆಲ್ ತೆಗೆದು ಇಂಜೆಕ್ಷನ್ ಕೊಡ್ತಾರಂತೆ, ಯಾವ ಕಾಯಿಲೆಯಿಂದ ಹೋದ ಕಣ್ಣಾದ್ರೂ ಸರಿ ಬರುತ್ತಂತೆ. ನಾಲ್ಕು ಲಕ್ಷ. ಅಜ್ಜಿಗೆ ಗ್ಲಾಕೋಮಾ (ಕಣ್ಣಿನ ನರ ಸಾಯೋ ಕಾಯಿಲೆ) ಇದೆ, ಅವರನ್ನೂ ತಮ್ಮನನ್ನೂ ಒಂದೇ ಕಾರಲ್ಲಿ ಕರ್ಕೊಂಡು ಹೋಗೋಣ ಅಂತಿದಾರೆ. ಎರಡೂ ಕಡೆ ಸ್ಟೆಮ್ ಸೆಲ್ಲೇ ಅಂದಮೇಲೆ ವ್ಯತ್ಯಾಸ ಏನು?

ಮೈಸೂರ್ ಮಲ್ಲಿಗೆ ಮೊಗ್ಗು
ಮೊದಲು ಆ ಕ್ಲಿನಿಕ್ ನಂಬರ್ ಬ್ಲಾಕ್ ಮಾಡಿ. ಉಳಿದದ್ದು ಆಮೇಲೆ.

ಕನ್ನಡಕದಂಗಡಿ (ಹುಬ್ಬಳ್ಳಿ)
ನಾ ಆಪ್ಟೊಮೆಟ್ರಿಸ್ಟ್ ಇದೀನ್ರಿ, ಡಾಕ್ಟರ್ ಅಲ್ಲ. ಆದ್ರ ಸುಣ್ಣದ ಕೇಸು ಭಾಳ ನೋಡೀನಿ. ಹೆಚ್ಚಿನವು ತೋಟದ್ದಲ್ಲ, ಎಲಿ ಅಡಕಿ ಜೋಡಿ ಬರೂ ಸುಣ್ಣದ ಪಾಕೀಟು, ಟ್ಯೂಬು. ಹುಡುಗ್ರು ಅದನ್ನ ಹಿಚುಕಿ ಆಟಾ ಆಡ್ತಾವ, ಫಟ್ ಅಂತ ಒಡದು ಸೀದಾ ಕಣ್ಣಾಗ.

ಕರಿಗುಡ್ಡಿ ಬಿಳಿಗುಡ್ಡಿ ಕೂಡೂ ಅಂಚು ಅದ ಅಲ್ರೀ, ಅದಕ್ಕ ಲಿಂಬಸ್ ಅಂತಾರ. ಕಾರ್ನಿಯಾ ಅಂದ್ರ ಕರಿಗುಡ್ಡಿ ಮುಂದಿನ ಗಾಜಿನಂಥಾ ಭಾಗ. ಅದರ ಮ್ಯಾಲಿನ ಪದರ ದಿನಾ ಸವೀತದ, ಹೊಸಾದು ಬರೂದು ಈ ಅಂಚಿನಾಗಿರೋ ಸ್ಟೆಮ್ ಸೆಲ್ಲಿನಿಂದ. ಅದೊಂಥರಾ ಸಸಿಮಡಿ. ಸುಣ್ಣ ಬರೀ ಕಾರ್ನಿಯಾನ ಸುಡೂದಿಲ್ಲ, ಸಸಿಮಡೀನೂ ಸುಡ್ತದ. ಆಮ್ಯಾಲ ಬಿಳಿಗುಡ್ಡಿ ಮ್ಯಾಲಿನ ಪದರ ನರಾ ಸಮೇತ ಒಳಗ ನುಗ್ತದ. ನಿಮ್ಮ ತಮ್ಮಗ ಆಗಿದ್ದು ಅದ. ಈಗ ಬರೀ ದಾನದ ಕಾರ್ನಿಯಾ ಹೊಲದ್ರ ಸ್ವಲ್ಪ ದಿನ ಚಂದ ಕಾಣ್ತದ, ಆಮ್ಯಾಲ ಅದರ ಮ್ಯಾಲೂ ಅದ ಪದರ ಹಬ್ಬತದ. ನಿಮ್ಮ ಡಾಕ್ಟರ್ ಹೇಳಿದ್ದು ಖರೇ ಅದ.

ಬೆಳಕು ಯಾವ ದಿಕ್ಕಿನಿಂದ ಬರ್ತದ ಅಂತ ಹೇಳ್ತಾನ ಅಂದ್ರ ಕಣ್ಣಿನ ಹಿಂದಿನ ಪರದೆ ರೆಟಿನಾ, ನರ ಕೆಲಸಾ ಮಾಡಾಕತ್ತಾವ. ಅದು ದೊಡ್ಡ ಸಮಾಧಾನ. ಸುಣ್ಣ ಬಿದ್ದ ಕಣ್ಣಾಗ ಪ್ರೆಶರ್ ಏರೂದೂ ಇರ್ತದ, ಅದನ್ನ ಚೆಕ್ ಮಾಡ್ಸೂದು ಬಿಡಬ್ಯಾಡ್ರಿ.

ನಾಟಿಮದ್ದು ಪ್ರಿಯ
ಹರಳೆಣ್ಣೆ ಬಿಟ್ಟಿದ್ದರಲ್ಲಿ ತಪ್ಪೇನಿದೆ? ನಮ್ಮ ಕಡೆ ಎದೆಹಾಲು, ಹರಳೆಣ್ಣೆ ಎರಡೂ ಹಾಕ್ತಾರೆ. ಉರಿ ತಕ್ಷಣ ಇಳಿಯುತ್ತೆ.

ಕನ್ನಡಕದಂಗಡಿ (ಹುಬ್ಬಳ್ಳಿ)
ಉರಿ ಇಳೀತದ ಅಂತನ ಜನಾ ಮೋಸ ಹೋಗೂದು. ಆಸಿಡ್ ಬಿದ್ರ ಮ್ಯಾಲಿನ ಪ್ರೋಟೀನು ಹೆಪ್ಪುಗಟ್ಟಿ ಅಲ್ಲೇ ಒಂದು ಗ್ವಾಡಿ ಆದಂಗ ಆಗ್ತದ, ಒಳಗ ಇಳಿಯೂದು ಕಡಿಮಿ. ಸುಣ್ಣ ಕ್ಷಾರ. ಜೀವಕೋಶದ ಕೊಬ್ಬನ್ನ ಕರಗಿಸಿಕೋತ ಒಳಗ ಒಳಗ ಹೋಗ್ತದ. ನೀವು ಎಣ್ಣಿ ಬಾಟ್ಲಿ ಹುಡುಕೂ ಹೊತ್ತಿನಾಗ ಅದು ತನ್ನ ಕೆಲಸಾ ಮುಗಿಸಿರ್ತದ.

ನೀರು ಸುರೀಬೇಕ್ರಿ. ನಳದ ಕೆಳಗ ಕಣ್ಣು ತಗದು ಹಿಡದು ಅರ್ಧ ತಾಸು. ರೆಪ್ಪಿ ಹೊಳ್ಳಿಸಿ ನೋಡ್ಬೇಕು, ಒಳಗ ಸುಣ್ಣದ ಕಾಳು ಕುಂತಿರ್ತಾವ. ಅವನ್ನ ತಗೀದಿದ್ರ ಆಸ್ಪತ್ರಿಗೆ ಹೋಗೂತನಕಾನೂ ಅವು ಸುಡ್ತಿರ್ತಾವ.

ಸುಳ್ಯದ ಸುಬ್ಬಿ
ನಮ್ಮಲ್ಲೂ ವರ್ಷಾ ಬೋರ್ಡೋ, ಅದೇ ಕೊಳೆ ಔಷಧಿ, ಮಾಡ್ಲಿಕ್ಕುಂಟು ಮಾರಾಯ್ರೆ. ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ. ಪಾಕ ಸರಿ ಆಯ್ತಾ ನೋಡ್ಲಿಕ್ಕೆ ಕತ್ತಿ ಅದ್ದಿ ಹಿಡಿಯೋದು, ತಾಮ್ರದ ಬಣ್ಣ ಹಿಡಿದ್ರೆ ಇನ್ನೂ ಸುಣ್ಣ ಬೇಕು ಅಂತ. ಇಷ್ಟೆಲ್ಲ ಶಾಸ್ತ್ರ ಮಾಡ್ತೇವೆ, ಕಣ್ಣಿಗೆ ಒಂದು ಪ್ಲಾಸ್ಟಿಕ್ ಕನ್ನಡಕ ಹಾಕ್ಲಿಕ್ಕೆ ಮಾತ್ರ ಉದಾಸೀನ.

ಅಡಿಕೆ ಸಿಪ್ಪೆ
ಮಳೆಗಾಲದ ಸೆಕೆಗೆ ಕನ್ನಡಕ ಆವಿ ಹಿಡಿದು ಏನೂ ಕಾಣಲ್ಲ ಸ್ವಾಮಿ. ಹೇಳೋದು ಸುಲಭ.

ಸುಳ್ಯದ ಸುಬ್ಬಿ
ಮರದ ಮೇಲೆ ಇರುವವನಿಗೆ ಆವಿ ಹಿಡೀತದೆ, ಒಪ್ಪುವಾ. ಕೆಳಗೆ ನಿಂತು ಸುಣ್ಣ ಅರಳಿಸುವವನಿಗೆ ಎಂಥ ಆವಿ? ಹತ್ತು ನಿಮಿಷದ ಕೆಲಸ.

ಬೀದರ್ ಕೋಟೆ
ತೋಟದಾಚೆ ಅಣ್ಣಾ, ನಮ್ಮ ಅಕ್ಕನ ಮಗಗ ಇದೇ ಆಗಿತ್ತು, ಸುಣ್ಣದ ಪಾಕೀಟು. ಬೀದರ್‌ದಿಂದ ಹೈದರಾಬಾದ್ ಹತ್ರ, ಎಲ್.ವಿ. ಪ್ರಸಾದ್ ಆಸ್ಪತ್ರಿಗೆ ಹೋಗಿದ್ದೆವು. ಅಲ್ಲಿ ಮಾಡಿದ್ದು ಸ್ಲೆಟ್ ಅಂತ. ಅದನ್ನ ಕಂಡುಹಿಡಿದಿದ್ದೂ ಅಲ್ಲೇ, ಡಾ. ವೀರೇಂದರ್ ಸಾಂಗ್ವಾನ್ ಮತ್ತವರ ತಂಡ, 2012ರಾಗ ಪ್ರಕಟ ಮಾಡ್ಯಾರ.

ಛಲೋ ಕಣ್ಣಿನ ಅಂಚಿನಿಂದ ಎರಡು ಮಿಲಿಮೀಟರ್ ಅಗಲ, ಎರಡು ಮಿಲಿಮೀಟರ್ ಉದ್ದ, ಅಷ್ಟೇ ಚೂರು ತಗೀತಾರ. ಕೆಟ್ಟ ಕಣ್ಣಿನ ಮ್ಯಾಲಿಂದು ಆ ದಪ್ಪ ಪದರ ಕೆರದು ತಗದು, ಅದರ ಮ್ಯಾಲ ಹೆರಿಗಿ ಟೈಮಿನಾಗ ಸಿಗೂ ಕೂಸಿನ ಪೊರಿ, ಆಮ್ನಿಯಾಟಿಕ್ ಮೆಂಬ್ರೇನ್ ಅಂತಾರ, ಅದನ್ನ ಅಂಟಿನಿಂದ ಕೂಡಿಸ್ತಾರ. ಆ ಚೂರನ್ನ ಎಂಟು ಹತ್ತು ತುಣುಕು ಮಾಡಿ ಸುತ್ತಲೂ ಅಂಟಸ್ತಾರ. ಮ್ಯಾಲ ಕಾಂಟ್ಯಾಕ್ಟ್ ಲೆನ್ಸ್. ಸುಮಾರು ಎರಡು ವಾರದಾಗ ತುಣುಕಿನಿಂದ ಪದರ ಹಬ್ಬಿ ಇಡೀ ಕಾರ್ನಿಯಾ ಮುಚ್ತದ. ಲ್ಯಾಬ್ ಬ್ಯಾಡ, ಕಣ್ಣಾಗೇ ಬೆಳೀತದ.

ಹುಡುಗನ ಛಲೋ ಕಣ್ಣಿಗೆ ಏನೂ ಆಗಿಲ್ಲ. ಮೊದಲನೇ ವಾರ ಕೆಂಪಗಿತ್ತು, ನಮ್ಮಕ್ಕ ದಿನಾ ಅತ್ತಳು. ಈಗ ಎಲ್ಲಿಂದ ತಗದಾರ ಅಂತ ಹುಡುಕಿದ್ರೂ ಸಿಗಲ್ಲ.

ತೋಟದಾಚೆ (ಸಾಗರ)
ಇದನ್ನ ಅಮ್ಮಂಗೆ ಓದಿ ಹೇಳ್ತೀನಿ. ದೃಷ್ಟಿ ಎಷ್ಟು ಬಂತು?

ಬೀದರ್ ಕೋಟೆ
ಪೂರ್ತಿ ಬಂದಿಲ್ಲ, ಸುಳ್ಳು ಯಾಕ ಹೇಳ್ಲಿ. ಮೇಲಿನ ಪದರ ಸರಿ ಆಯ್ತು, ಒಳಗ ಸ್ವಲ್ಪ ಮಬ್ಬು ಉಳದದ. ಮುಂದ ಕಾರ್ನಿಯಾ ಹಾಕಬಹುದು ಅಂದಾರ. ಈಗ ಆ ಕಣ್ಣಿನಿಂದ ಮುಖ ಗುರ್ತು ಹಿಡೀತಾನ, ಗ್ವಾಡಿ ಮ್ಯಾಲಿನ ಕ್ಯಾಲೆಂಡರಿನ ದೊಡ್ಡ ಅಂಕಿ ಓದ್ತಾನ.

ಪುರಾವೆ ಪುಟ್ಟಣ್ಣ
ಒಬ್ಬರ ಕಥೆ ಕೇಳಿ ನಿರ್ಧಾರ ಮಾಡೋದು ಬೇಡ. ಸಂಖ್ಯೆ ನೋಡೋಣ. ಹೈದರಾಬಾದಿನವರು 2016ರಲ್ಲಿ 125 ಜನರ ಫಲಿತಾಂಶ ಪ್ರಕಟಿಸಿದ್ರು. ಎಲ್ಲರಿಗೂ ಒಂದೇ ಕಣ್ಣು ಸುಟ್ಟಿದ್ದು. 95 ಜನರಲ್ಲಿ ಮೇಲ್ಪದರ ನಿಂತಿತು, ಅಂದ್ರೆ ನೂರಕ್ಕೆ 76. ಉಳಿದವರಲ್ಲಿ ಮತ್ತೆ ಹಳೇ ಪದರ ಹಬ್ಬಿತು. ಕಾಲು ಭಾಗ ಸೋಲು ಅನ್ನೋದನ್ನೂ ಮನೆಯವರಿಗೆ ಹೇಳಿ. ರೆಪ್ಪೆ ಗುಡ್ಡೆಗೆ ಅಂಟಿಕೊಂಡಿದ್ರೆ ಕಷ್ಟ ಇನ್ನೂ ಜಾಸ್ತಿ. ನಿಮ್ಮ ತಮ್ಮನಿಗೆ ಅಂಟಿದೆಯಾ?

ತೋಟದಾಚೆ (ಸಾಗರ)
ಕೆಳರೆಪ್ಪೆ ಮೂಲೆಲಿ ಸ್ವಲ್ಪ. ಕಣ್ಣು ಪೂರ್ತಿ ಮುಚ್ಚುತ್ತೆ.

ಚಾರ್ಲ್ಸ್ ನದಿ ದಂಡೆ (ಬಾಸ್ಟನ್)
ಇಲ್ಲಿ ಮ್ಯಾಸಚೂಸೆಟ್ಸ್ ಐ ಅಂಡ್ ಇಯರ್ ಆಸ್ಪತ್ರೆಯವರು 2025ರಲ್ಲಿ ಇದೇ ತರಹದ್ದೊಂದು ಪ್ರಕಟಿಸಿದ್ರು, ಹೆಸರು ಕ್ಯಾಲೆಕ್, 14 ರೋಗಿಗಳು. ಒಳ್ಳೇ ಕಣ್ಣಿಂದ ಚೂರು ತೆಗೆದು, ಲ್ಯಾಬಲ್ಲಿ ಹಾಳೆ ಹಾಗೆ ಬೆಳೆಸಿ, ಕೆಟ್ಟ ಕಣ್ಣಿಗೆ ಹೊಲಿಯೋದು. ಪತ್ರಿಕೆಗಳಲ್ಲಿ "ಸರಿಯಾಗದ ಕಣ್ಣು ಸರಿಯಾಯ್ತು" ಅಂತ ಸುದ್ದಿಯೋ ಸುದ್ದಿ. ಭಾರತದಲ್ಲಿ ಇದು ಯಾವಾಗ ಬರುತ್ತೋ.

ಪುರಾವೆ ಪುಟ್ಟಣ್ಣ
ಬರೋದಲ್ಲ ಸ್ವಾಮಿ, ಹಳೇದಾಗಿ ಬಿಟ್ಟಿದೆ! ಲ್ಯಾಬಲ್ಲಿ ಲಿಂಬಸ್ ಕೋಶ ಬೆಳೆಸಿ ಹಾಕಿದ್ದನ್ನ ಇಟಲಿಯ ಪೆಲ್ಲೆಗ್ರಿನಿ, ಡಿ ಲೂಕಾ 1997ರಲ್ಲೇ ಪ್ರಕಟಿಸಿದ್ರು. ಅದೇ ದಾರಿಯಲ್ಲಿ ಬಂದ ಹೋಲೋಕ್ಲಾರ್ ಅನ್ನೋ ಚಿಕಿತ್ಸೆಗೆ ಯುರೋಪಲ್ಲಿ 2015ರಲ್ಲಿ ಅನುಮತಿ ಸಿಕ್ತು. ಹೈದರಾಬಾದಲ್ಲೂ 2001ರ ಹೊತ್ತಿಗೇ ಲ್ಯಾಬಲ್ಲಿ ಬೆಳೆಸಿ ಹಾಕ್ತಿದ್ರು. ಲ್ಯಾಬಿನ ಖರ್ಚು ಬೇಡ ಅಂತಲೇ ಸ್ಲೆಟ್ ಹುಟ್ಟಿದ್ದು. ಅಮೆರಿಕದಲ್ಲಿ ಆದಾಗ ಮಾತ್ರ ಮೊದಲು ಅನ್ನೋ ಚಟ ನಮ್ಮ ಪೇಪರಿನವರಿಗೂ ಇದೆ.

ಚಾರ್ಲ್ಸ್ ನದಿ ದಂಡೆ (ಬಾಸ್ಟನ್)
ಸರಿ, ಕೋಪ ಬೇಡ. ಆದ್ರೆ ಲ್ಯಾಬಲ್ಲಿ ಬೆಳೆಸಿದ್ರೆ ಹಾಕೋ ಮೊದಲು ಕೋಶ ಬೆಳೆದಿದೆಯಾ, ಸೋಂಕಿದೆಯಾ ಅಂತ ನೋಡಬಹುದಲ್ಲ? ಸ್ಲೆಟ್‌ನಲ್ಲಿ ಆ ಅವಕಾಶ ಇಲ್ಲ.

ಪುರಾವೆ ಪುಟ್ಟಣ್ಣ
ಆ ಮಾತು ಒಪ್ತೀನಿ. ಆದ್ರೆ ಸಾಗರದ ಅಡಿಕೆ ಬೆಳೆಗಾರ ಕಟ್ಟೋಕಾಗೋ ಬಿಲ್ಲು ಯಾವುದು ಅಂತಲೂ ನೋಡಬೇಕು.

ಮೈಸೂರ್ ಮಲ್ಲಿಗೆ ಮೊಗ್ಗು
ಅಮ್ಮನ ಕಣ್ಣಿಂದ ತೆಗೆಯೋ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ನಮ್ಮನೆಯಲ್ಲಿ ಕಿಡ್ನಿ ವಿಷಯ ಆಗಿತ್ತು, ಹಾಗಾಗಿ ಗೊತ್ತು. ಅಮ್ಮಂದಾದ್ರೂ ಮಗನ ದೇಹಕ್ಕೆ ಅದು ಪರಕೀಯವೇ. ನಿಲ್ಲಬೇಕಾದ್ರೆ ರೋಗನಿರೋಧಕ ಶಕ್ತಿ ತಗ್ಗಿಸೋ ಮಾತ್ರೆ ದೀರ್ಘಕಾಲ ನುಂಗಬೇಕು, ಸಕ್ಕರೆ, ಬಿಪಿ, ಸೋಂಕು ಎಲ್ಲದರ ಮೇಲೂ ಕಣ್ಣಿಡಬೇಕು. ಎರಡೂ ಕಣ್ಣು ಹೋದವರಿಗೆ ಆ ದಾರಿ. ತಮ್ಮನಿಗೆ ಸ್ವಂತದ್ದೇ ಇರುವಾಗ ಅಮ್ಮ ಯಾಕೆ?

ಕನ್ನಡಕದಂಗಡಿ (ಹುಬ್ಬಳ್ಳಿ)
ಬರೋಬ್ಬರಿ ಹೇಳಿದ್ರಿ ಅಕ್ಕಾರ. ಅವರ ಅಮ್ಮನ ಹೆದರಿಕಿನೂ ಸುಮ್ಮನ ಬಂದಿದ್ದಲ್ಲ ಮತ್ತ. 1989ರಾಗ ಕೆನ್ಯನ್, ತ್ಸೆಂಗ್ ಹೇಳಿಕೊಟ್ಟ ಹಳೇ ಪದ್ಧತಿಯೊಳಗ ಛಲೋ ಕಣ್ಣಿನ ಅಂಚಿನ ದೊಡ್ಡ ದೊಡ್ಡ ಎರಡು ತುಂಡು ತಗೀತಿದ್ರು. ಆವಾಗ ಛಲೋ ಕಣ್ಣಿಗೂ ತೊಂದ್ರಿ ಆದೀತು ಅನ್ನೂ ಅಂಜಿಕಿ ಡಾಕ್ಟರ್ ಮಂದಿಗೂ ಇತ್ತು. ಈಗಿನ ಎರಡು ಮಿಲಿಮೀಟರಿನ ಮಾತು ಬ್ಯಾರೆ.

ಹಂಪಿ ಎಕ್ಸ್‌ಪ್ರೆಸ್
ಎರಡೂ ಕಣ್ಣು ಹೋದವರಿಗೆ ಬಾಯೊಳಗಿನ ಚರ್ಮ ತೆಗೆದು ಬೆಳೆಸಿ ಹಾಕ್ತಾರೆ ಅಂತ ಓದಿದ್ದೆ. ನಿಜಾನಾ?

ಪುರಾವೆ ಪುಟ್ಟಣ್ಣ
ನಿಜ. ಕೆನ್ನೆ ಒಳಭಾಗದ ಪದರ. ಜಪಾನಿನ ನಿಶಿದಾ ತಂಡ 2004ರಲ್ಲಿ ಪ್ರಕಟಿಸಿತು. ಅದೇ ನಿಶಿದಾ ಒಸಾಕಾದಲ್ಲಿ ಐಪಿಎಸ್ ಕೋಶದಿಂದ (ಸಾಮಾನ್ಯ ಕೋಶವನ್ನೇ ತಿರುಗಿ ಸ್ಟೆಮ್ ಸೆಲ್ ಮಾಡಿದ್ದು) ಕಾರ್ನಿಯಾ ಪದರ ಬೆಳೆಸಿ ನಾಲ್ಕು ಜನರಿಗೆ ಹಾಕಿದ ವರದಿ 2024ರಲ್ಲಿ ಬಂತು. ಇನ್ನೂ ವಿಚಿತ್ರ ಬೇಕಾ? ರೋಗಿಯ ಹಲ್ಲನ್ನೇ ಕಿತ್ತು, ಅದರಲ್ಲಿ ತೂತು ಕೊರೆದು, ಪ್ಲಾಸ್ಟಿಕ್ ಲೆನ್ಸ್ ಕೂಡಿಸಿ ಕಣ್ಣೊಳಗೆ ಇಡೋ ಆಪರೇಷನ್ ಇದೆ. ಇಟಲಿಯ ಸ್ಟ್ರಾಂಪೆಲ್ಲಿ 1960ರ ದಶಕದಲ್ಲಿ ಶುರು ಮಾಡಿದ್ದು. ಚೆನ್ನೈನ ಶಂಕರ ನೇತ್ರಾಲಯದಲ್ಲೂ ಮಾಡಿದಾರೆ.

ಹಂಪಿ ಎಕ್ಸ್‌ಪ್ರೆಸ್
ಕಣ್ಣಲ್ಲಿ ಹಲ್ಲು! ಇವತ್ತು ನಿದ್ದೆ ಬರಲ್ಲ ಬಿಡಿ.

ಅಪ್ಪು ಹುಡುಗ (ದಾವಣಗೆರೆ)
ಕಾರ್ನಿಯಾ ಅಂದಮೇಲೆ ಅಪ್ಪು ಸರ್ ಹೆಸರು ಬರಲೇಬೇಕು. 2021ರ ಅಕ್ಟೋಬರ್ 29ಕ್ಕೆ ಹೋದ್ರು, ಅವರ ಎರಡು ಕಣ್ಣಿಂದ ನಾಲ್ಕು ಜನರಿಗೆ ದೃಷ್ಟಿ ಬಂತು. ಒಂದೊಂದು ಕಾರ್ನಿಯಾನ ಮುಂದಿನ ಪದರ, ಹಿಂದಿನ ಪದರ ಅಂತ ಬಿಡಿಸಿ ಇಬ್ಬಿಬ್ಬರಿಗೆ ಹಾಕಿದ್ರು ನಾರಾಯಣ ನೇತ್ರಾಲಯದವರು. ಅಣ್ಣಾವ್ರೂ 2006ರಲ್ಲಿ ಕಣ್ಣು ಕೊಟ್ಟೇ ಹೋಗಿದ್ದು.

ಮೈಸೂರ್ ಮಲ್ಲಿಗೆ ಮೊಗ್ಗು
ಇನ್ನೊಂದು ವಿಷಯ ಬಹಳ ಜನಕ್ಕೆ ನೆನಪಿಲ್ಲ. ಕಸಿಗೆ ಬಳಸದೆ ಉಳಿದಿದ್ದ ಲಿಂಬಸ್ ಅಂಚನ್ನೂ ಎಸೆದಿರಲಿಲ್ಲ. ಅದರಿಂದ ಸ್ಟೆಮ್ ಸೆಲ್ ಬೆಳೆಸೋಕೆ ಅಂತ ಅವರ ಲ್ಯಾಬಿಗೆ ಕಳಿಸಿದ್ವಿ ಅಂತ ನಾರಾಯಣ ನೇತ್ರಾಲಯದ ಡಾ. ಭುಜಂಗ ಶೆಟ್ಟಿಯವರೇ ಆಗ ಹೇಳಿದ್ರು. ಸುಣ್ಣ, ಆಸಿಡ್ ಬಿದ್ದವರಿಗೆ ಮುಂದೆ ಉಪಯೋಗ ಆಗಲಿ ಅನ್ನೋ ಉದ್ದೇಶ.

ಹಳೇ ಬೇರು
ನಮ್ಮ ಕಾಲದಲ್ಲಿ ಕಣ್ಣು ಅಂದ್ರೆ ಡಾ. ಎಂ.ಸಿ. ಮೋದಿ. ಊರೂರಿಗೆ ಕ್ಯಾಂಪು ಹಾಕಿ ಸಾಲಾಗಿ ಮಲಗಿಸಿ ಪೊರೆ ತೆಗೆದದ್ದೇ ತೆಗೆದದ್ದು. ಒಂದೇ ದಿನ 833 ಆಪರೇಷನ್ ಮಾಡಿದ ದಾಖಲೆ. ಈಗಿನವರು ಒಂದು ಪೊರೆಗೆ ಮೂರು ಸಲ ಓಡಾಡಿಸ್ತಾರೆ.

ಕನ್ನಡಕದಂಗಡಿ (ಹುಬ್ಬಳ್ಳಿ)
ಅಜ್ಜಾರ, ಆವಾಗ ಕಣ್ಣಾಗಿನ ಲೆನ್ಸ್ ತಗದು ಸೋಡಾ ಬಾಟ್ಲಿ ತಳದಂಥಾ ದಪ್ಪ ಕನ್ನಡಕ ಕೊಡ್ತಿದ್ರು. ಈಗ ಒಳಗ ಲೆನ್ಸ್ ಕೂಡಸ್ತಾರ, ಅದರ ನಂಬರ್ ಅಳೀಲಿಕ್ಕೆ ಕರೀತಾರ.

ತೋಟದಾಚೆ (ಸಾಗರ)
ಎಲ್ಲರಿಗೂ ಥ್ಯಾಂಕ್ಸ್. ಆದ್ರೆ ಅಜ್ಜಿ ವಿಷಯ ಉಳೀತು. ಚಿಕ್ಕಪ್ಪ ಈಗ ಕೇಳ್ತಿದಾರೆ, ಕಾರ್ನಿಯಾಗೆ ಸ್ಟೆಮ್ ಸೆಲ್ ಆಗುತ್ತೆ ಅಂದಮೇಲೆ ಗ್ಲಾಕೋಮಾಗೆ ಯಾಕಾಗಲ್ಲ ಅಂತ. ನನಗೂ ಉತ್ತರ ಗೊತ್ತಿಲ್ಲ.

ಪುರಾವೆ ಪುಟ್ಟಣ್ಣ
ಕಣ್ಣಿನ ಯಾವ ಭಾಗ ಹೋಗಿದೆ ಅನ್ನೋದೇ ಎಲ್ಲ. ಕಾರ್ನಿಯಾ ಮೇಲ್ಪದರದ ಕೋಶಗಳಿಗೆ ಎಲ್ಲೂ ತಂತಿ ಎಳೆಯೋ ಕೆಲಸ ಇಲ್ಲ. ಹಬ್ಬಿ, ಪಾರದರ್ಶಕವಾಗಿ ಕೂತ್ರೆ ಸಾಕು. ಗ್ಲಾಕೋಮಾದಲ್ಲಿ ಸಾಯೋದು ರೆಟಿನಾದಿಂದ ಮೆದುಳಿಗೆ ಹೋಗೋ ನರದ ಎಳೆಗಳು, ಒಂದು ಕಣ್ಣಲ್ಲಿ ಹತ್ತು ಲಕ್ಷದ ಆಸುಪಾಸು. ಹೊಸ ಕೋಶ ತಂದು ಬಿಟ್ರೂ ಅದು ಅಲ್ಲಿಂದ ಮೆದುಳಿನ ಸರಿಯಾದ ಜಾಗದವರೆಗೆ ಎಳೆ ಬೆಳೆಸಬೇಕು. ಮನುಷ್ಯರಲ್ಲಿ ಅದನ್ನ ಯಾರೂ ಮಾಡಿ ತೋರಿಸಿಲ್ಲ. ಜೀಬ್ರಾ ಮೀನಿಗೆ ಆಗುತ್ತೆ, ನಮಗಾಗಲ್ಲ.

ಅಜ್ಜಿಗೆ ಉಳಿದಿರೋ ದೃಷ್ಟಿ ಕಾಪಾಡೋದೇ ಚಿಕಿತ್ಸೆ. ಡ್ರಾಪ್ಸ್ ತಪ್ಪಿಸಬೇಡಿ. ಆ ಕ್ಲಿನಿಕ್ಕಿಗೆ ಕರ್ಕೊಂಡು ಹೋದ್ರೆ ಇರೋದೂ ಹೋಗಬಹುದು. ಫ್ಲೋರಿಡಾದಲ್ಲಿ ಇಂಥದ್ದೇ ಒಂದು ಕಡೆ ಮೂವರು ವಯಸ್ಸಾದ ಹೆಂಗಸರಿಗೆ ಹೊಟ್ಟೆ ಕೊಬ್ಬಿನ ಸ್ಟೆಮ್ ಸೆಲ್ ಅಂತ ಎರಡೂ ಕಣ್ಣಿಗೆ ಒಂದೇ ದಿನ ಚುಚ್ಚಿದ್ರು. ಅವರಿಗಿದ್ದದ್ದು ವಯಸ್ಸಿನಿಂದ ಬರೋ ಮ್ಯಾಕ್ಯುಲಾ (ರೆಟಿನಾದ ನಡುಭಾಗ) ಸವೆತ. ರೆಟಿನಾ ಕಿತ್ತು ಬಂತು, ಮೂವರೂ ಹೆಚ್ಚುಕಮ್ಮಿ ಕುರುಡಾದ್ರು. 2017ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಪ್ರಕರಣ. ತಲಾ 5,000 ಡಾಲರ್ ಕೊಟ್ಟು ಮಾಡಿಸ್ಕೊಂಡಿದ್ದು.

ರಾತ್ರಿಪಾಳಿ ರಂಗ
ನನಗೆ ರೆಟಿನೈಟಿಸ್ ಪಿಗ್ಮೆಂಟೋಸಾ, ರೆಟಿನಾ ನಿಧಾನಕ್ಕೆ ಸಾಯೋ ಕಾಯಿಲೆ. ಹುಡುಗನಾಗಿದ್ದಾಗಿಂದ ಸಂಜೆ ಆದ್ರೆ ಕಾಣಲ್ಲ, ಈಗ ಕೊಳವೆಯಲ್ಲಿ ನೋಡಿದ ಹಾಗೆ. ಬಾಗಿಲ ಚೌಕಟ್ಟು ಭುಜಕ್ಕೆ ಬಡಿದಾಗಲೇ ಅದು ಅಲ್ಲಿದೆ ಅಂತ ಗೊತ್ತಾಗೋದು. ನನ್ನ ಹತ್ರಾನೂ ಒಂದು ಕ್ಲಿನಿಕ್ಕಿನವರು ದುಡ್ಡು ತಗೊಂಡ್ರು, ಹೆಸರು ಬೇಡ. ಆರು ಇಂಜೆಕ್ಷನ್ ಪ್ಯಾಕೇಜು. ಪ್ರತಿ ಸಲ "ಸ್ವಲ್ಪ ಬೆಳಕು ಜಾಸ್ತಿ ಅನಿಸ್ತಿದೆ ಅಲ್ವಾ?" ಅಂತ ಅವರೇ ಕೇಳೋರು. ಹೂಂ ಅಂತಿದ್ದೆ. ದುಡ್ಡು ಕೊಟ್ಟವನಿಗೆ ಹೂಂ ಅನ್ನದೆ ಬೇರೆ ದಾರಿ ಇರಲ್ಲ.

ಜೀನ್ ಥೆರಪಿ ಅಂತೂ ಇದೆ, ಲಕ್ಸ್‌ಟರ್ನಾ, ಅಮೆರಿಕದಲ್ಲಿ 2017ರಲ್ಲಿ ಅನುಮತಿ ಸಿಕ್ತು. ಆರ್‌ಪಿಇ65 ಅನ್ನೋ ಒಂದೇ ಜೀನ್ ಕೆಟ್ಟವರಿಗೆ ಮಾತ್ರ. ಬಂದಾಗ ಅದರ ಬೆಲೆ ಎರಡು ಕಣ್ಣಿಗೆ 8,50,000 ಡಾಲರ್ ಇತ್ತು. ನಾನು ಜೀನ್ ಪರೀಕ್ಷೆ ಮಾಡಿಸಿದೆ, ನಂದು ಬೇರೆ ಜೀನ್.

ಚಾರ್ಲ್ಸ್ ನದಿ ದಂಡೆ (ಬಾಸ್ಟನ್)
ರಂಗಣ್ಣ, ಪ್ರಯೋಗಗಳು ನಡೀತಿವೆ. 2014ರಲ್ಲೇ ಕೋಬೆಯಲ್ಲಿ ಮಸಾಯೋ ತಕಹಾಶಿ ತಂಡ ರೋಗಿಯ ಚರ್ಮದ ಕೋಶವನ್ನ ಐಪಿಎಸ್ ಮಾಡಿ, ರೆಟಿನಾ ಹಿಂದಿನ ಪದರ ಬೆಳೆಸಿ ಹಾಕಿತ್ತು. ಆ ಹೆಂಗಸಿನ ದೃಷ್ಟಿ ಸುಧಾರಿಸಲಿಲ್ಲ, ಕೆಡಲೂ ಇಲ್ಲ.

ರಾತ್ರಿಪಾಳಿ ರಂಗ
ಗೊತ್ತು. ಪ್ರತಿ ವರ್ಷ "ಇನ್ನೈದು ವರ್ಷದಲ್ಲಿ" ಅಂತ ಓದ್ತೀನಿ. ಅಷ್ಟರಲ್ಲಿ ಬಿಳಿ ಕೋಲು ಹಿಡಿದು ಬಸ್ ಹತ್ತೋದು ಕಲಿತೆ, ಫೋನು ಓದಿ ಹೇಳುತ್ತೆ. ಇದನ್ನೂ ಹಾಗೇ ಬರೆದದ್ದು.

ನಾಟಿಮದ್ದು ಪ್ರಿಯ
ಅಲೋಪತಿಯವರದ್ದೂ ಪ್ರಯೋಗವೇ, ಕ್ಲಿನಿಕ್ಕಿನವರದ್ದೂ ಪ್ರಯೋಗವೇ. ಏನು ವ್ಯತ್ಯಾಸ?

ಪುರಾವೆ ಪುಟ್ಟಣ್ಣ
ನಿಜವಾದ ಪ್ರಯೋಗ ಆಗಿದ್ರೆ ಸಿಟಿಆರ್‌ಐ ಅನ್ನೋ ಸರ್ಕಾರಿ ನೋಂದಣಿ ಪಟ್ಟಿಯಲ್ಲಿ ಇರಬೇಕು, ಯಾರು ಬೇಕಾದ್ರೂ ತೆಗೆದು ನೋಡಬಹುದು. ನೀತಿ ಸಮಿತಿ ಒಪ್ಪಿರಬೇಕು. ಆ ಇಂಜೆಕ್ಷನ್ನಿಗೆ ರೋಗಿ ಹತ್ರ ದುಡ್ಡು ಕೇಳೋ ಹಾಗಿಲ್ಲ. ನಾಲ್ಕು ಲಕ್ಷ ಕೇಳಿದ್ದೇ ಉತ್ತರ.

ಮೈಸೂರ್ ಮಲ್ಲಿಗೆ ಮೊಗ್ಗು
ಇದನ್ನ ಸ್ಕ್ರೀನ್‌ಶಾಟ್ ತೆಗೆದು ಚಿಕ್ಕಪ್ಪನಿಗೆ ಕಳ್ಸಿ.

ತೋಟದಾಚೆ (ಸಾಗರ)
ಕಳ್ಸಿದೆ. "ನೋಂದಣಿ ನಂಬರ್ ಕೊಡಿ" ಅಂತ ಚಿಕ್ಕಪ್ಪ ಕ್ಲಿನಿಕ್ಕಿಗೆ ಮೆಸೇಜ್ ಹಾಕಿದಾರೆ. ನೀಲಿ ಟಿಕ್ ಬಿದ್ದಿದೆ, ಉತ್ತರ ಇಲ್ಲ. ಅಜ್ಜಿ ಹೋಗೋದು ಕ್ಯಾನ್ಸಲ್.

ಅಮ್ಮಂಗೆ ಬೀದರ್ ಕೋಟೆಯವರದ್ದು ಓದಿದೆ. ಎರಡು ಮಿಲಿಮೀಟರ್ ಅಂದ್ರೆ ಎಷ್ಟು ಅಂತ ಕೇಳಿದ್ರು. ಸ್ಕೇಲ್ ತಂದು ತೋರಿಸಿದೆ. ಒಂದೆರಡು ಸಲ ಸ್ಕೇಲ್ ತಿರುಗಿಸಿ ನೋಡಿ, "ಡಾಕ್ಟ್ರ ಹತ್ರ ನಾನೇ ಮಾತಾಡ್ತೀನಿ" ಅಂದ್ರು. ಅಷ್ಟು ಸಾಕು ನನಗೆ. ಹೋಗುವಾಗ ಏನೇನು ಕೇಳಬೇಕು?

ಕನ್ನಡಕದಂಗಡಿ (ಹುಬ್ಬಳ್ಳಿ)
ಮೊದಲು ಪ್ರೆಶರ್ ಎಷ್ಟದ ಕೇಳ್ರಿ. ಒಳಗ ಕಾಣೂದಿಲ್ಲಲ್ಲ, ಬಿ-ಸ್ಕ್ಯಾನ್ (ಕಣ್ಣಿನ ಅಲ್ಟ್ರಾಸೌಂಡ್) ಮಾಡಿ ರೆಟಿನಾ ಸರಿ ಅದನ ಅಂತ ನೋಡ್ಯಾರೇನು ಕೇಳ್ರಿ. ಕೆಳರೆಪ್ಪಿ ಅಂಟಿದ್ದು ಅದೇ ಟೈಮಿಗೆ ಬಿಡಸ್ತಾರೋ, ಮೊದಲ ಬಿಡಸ್ತಾರೋ? ಕಣ್ಣು ಒಣಗಿದ್ರ ಆ ತುಣುಕು ಹಿಡಿಯೂದಿಲ್ಲ, ಕಣ್ಣೀರು ಎಷ್ಟದ ಅಂತನೂ ಅಳೀಲಿಕ್ಕೆ ಹೇಳ್ರಿ. ಅವರು ಇಂಥಾ ಆಪರೇಷನ್ ಎಷ್ಟು ಮಾಡ್ಯಾರ ಅಂತ ಕೇಳಾಕ ನಾಚಿಕಿ ಬ್ಯಾಡ. ಹಳೇ ಚೀಟಿ, ಮೊದಲನೇ ದಿನದ ಫೋಟೊ ಇದ್ರ ಒಯ್ಯಿರಿ.

ಬೀದರ್ ಕೋಟೆ
ಆಪರೇಷನ್ ಆದ ಮೇಲೆ ಡ್ರಾಪ್ಸ್ ಭಾಳ ದಿನ ಅದಾವ. ಕಣ್ಣು ತಿಕ್ಕಬಾರದು, ಧೂಳಿನಾಗ ಹೋಗಬಾರದು. ತೋಟದ ಕೆಲಸ ಇದ್ರ ಈ ಸಲ ಬ್ಯಾರೆಯವರಿಗೆ ಹೇಳ್ರಿ.

ಅಡಿಕೆ ಸಿಪ್ಪೆ
ಬ್ಯಾರೆಯವರು ಎಲ್ಲಿ ಸಿಗ್ತಾರೆ? ಕೊನೆಗಾರನ ಕೂಲಿ ಕೇಳಿದೀರಾ ಈ ವರ್ಷ?

ಸುಳ್ಯದ ಸುಬ್ಬಿ
ಅದಕ್ಕೆ ಬೇರೆ ಚರ್ಚೆ ಶುರು ಮಾಡಿ ಮಾರಾಯ್ರೆ, ಇಲ್ಲಿ ಬೇಡ.

ಅಪ್ಪು ಹುಡುಗ (ದಾವಣಗೆರೆ)
ಒಂದು ಡೌಟು. ನಾನು ನೇತ್ರದಾನಕ್ಕೆ ಬರೆದುಕೊಟ್ಟಿದೀನಿ, ಕಾರ್ಡ್ ಕಳೆದುಹೋಗಿದೆ. ಅಪ್ಪಂಗೆ ಶುಗರ್ ಇದೆ, ಪೊರೆ ಆಪರೇಷನ್ ಬೇರೆ ಆಗಿದೆ. ಅವರದ್ದು ತಗೊಳ್ತಾರಾ?

ಕನ್ನಡಕದಂಗಡಿ (ಹುಬ್ಬಳ್ಳಿ)
ತಗೋತಾರ. ಶುಗರ್, ಕನ್ನಡಕ, ಪೊರಿ ಆಪರೇಷನ್ ಯಾವುದೂ ಅಡ್ಡಿ ಇಲ್ಲ. ಕಾರ್ಡ್ ಇಲ್ದಿದ್ರೂ ಮನಿಯವರು ಒಪ್ಪಿದ್ರ ಆತು, ಕಾರ್ಡ್ ಇದ್ದು ಮನಿಯವರು ಒಲ್ಲೆ ಅಂದ್ರ ಯಾರೂ ತಗೋಳ್ಳೂದಿಲ್ಲ. ಅದಕ್ಕ ಮನ್ಯಾಗ ಮೊದಲ ಹೇಳಿಡ್ರಿ. ಜೀವ ಹೋದ ಆರು ತಾಸಿನೊಳಗ ಕಣ್ಣು ತಗೀಬೇಕು, ಅದಕ್ಕ ನೇತ್ರ ಬ್ಯಾಂಕಿಗೆ ಕೂಡಲೇ ಫೋನ್ ಹೋಗಬೇಕು. ಅಲ್ಲೀತನಕಾ ರೆಪ್ಪಿ ಮುಚ್ಚಿ, ಮ್ಯಾಲ ಒದ್ದಿ ಹತ್ತಿ ಇಟ್ಟು, ಫ್ಯಾನ್ ಬಂದ್ ಮಾಡ್ರಿ.